ಗರ್ಭಿಣಿಯಾದ ಕೂಡಲೇ ಥೈರಾಯ್ಡ್ ಗುಳಿಗೆ ಬಿಡಬೇಡಿ

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮದುವೆಯಾಗಿ ಏಳು ತಿಂಗಳಾಗಿತ್ತು. ಒಂದು ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬಂದಾಗ ಹೆಂಡತಿ ಖುಷಿ ಸುದ್ದಿ ಹೇಳಿದಳು. ಉಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿ, "ಮೋಳೇ, ಇನ್ನು ಹೆರಿಗೆ ಆಗುವ ತನಕ ಇಂಗ್ಲಿಷ್ ಮದ್ದು ಒಂದೂ ಮುಟ್ಟಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಆಗುವುದಿಲ್ಲ" ಅಂದರು. ಅವಳು ತಲೆ ಅಲ್ಲಾಡಿಸಿದಳು.

ಅವಳು ಕಾಲೇಜಿನ ಕಾಲದಿಂದಲೇ ಥೈರಾಯ್ಡ್ ಗುಳಿಗೆ ತಿನ್ನುತ್ತಿದ್ದಳು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. "ಅಲ್ಲಿ ಹೇಳಲು ಹೋಗಬೇಡ, ಗುಳಿಗೆ ತಿನ್ನುವ ಹುಡುಗಿ ಅಂತ ಮಾತಾಗುತ್ತದೆ" ಎಂದು ಮದುವೆ ಮಾತುಕತೆ ಸಮಯದಲ್ಲಿ ಅವಳ ಕಡೆಯವರು ಹೇಳಿದ್ದರಂತೆ. ಗುಳಿಗೆಯ ಬಾಟಲಿ ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿ ಇರುತ್ತಿತ್ತು. ಉಮ್ಮ ಹೇಳಿದ ಮರುದಿನದಿಂದ ಅವಳು ಅದನ್ನು ಮುಟ್ಟಲಿಲ್ಲ.

ಹತ್ತನೇ ವಾರದಲ್ಲಿ ರಕ್ತಸ್ರಾವ ಶುರುವಾಯಿತು. ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡುವಾಗ ಮಗುವಿನ ಹೃದಯ ಬಡಿತ ಇರಲಿಲ್ಲ. "ಮೊದಲಿನಿಂದ ಯಾವುದಾದರೂ ಗುಳಿಗೆ ತಿನ್ನುತ್ತಿದ್ದೀರಾ?" ಅಂತ ಡಾಕ್ಟರ್ ಕೇಳಿದಾಗ ಅವಳು ಅಳುತ್ತಾ ಎಲ್ಲಾ ಹೇಳಿದಳು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 18 ಬಂತು. ಡಾಕ್ಟರ್ ಹೇಳಿದ್ದು ಇಷ್ಟು: "ಇದೊಂದರಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಗರ್ಭ ಹೋಗಲು ಬೇರೆ ಬೇರೆ ಕಾರಣ ಇರುತ್ತದೆ. ಆದರೆ ಆ ಗುಳಿಗೆ ನಿಲ್ಲಿಸಬಾರದಿತ್ತು."

ಆ ದಿನದ ನಂತರ ಈ ವಿಷಯ ಸರಿಯಾಗಿ ತಿಳಿಯಬೇಕು ಅಂತ ಹೊರಟವನು ನಾನು. ನಾನು ಡಾಕ್ಟರ್ ಅಲ್ಲ. ಬಿ.ಕಾಂ ಮಾಡಿ ಉಪ್ಪಳದಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡವನು. ಡಾಕ್ಟರರಲ್ಲಿ ಕೇಳಿ, ಓದಿ, ನಮ್ಮ ಮನೆಯ ರಿಪೋರ್ಟ್‌ಗಳನ್ನು ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು, ಅಷ್ಟೇ.

ಥೈರಾಯ್ಡ್ ಅಂದರೆ ಎಂತ?

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಸಣ್ಣ ಗ್ರಂಥಿ ಇದೆ. ಅದರ ಹೆಸರೇ ಥೈರಾಯ್ಡ್. ಅದು ಟಿ4, ಟಿ3 ಎಂಬ ಹಾರ್ಮೋನ್‌ಗಳನ್ನು ಮಾಡುತ್ತದೆ. ದೇಹದ ಎಲ್ಲಾ ಕೆಲಸಗಳ ವೇಗ ಈ ಹಾರ್ಮೋನ್‌ಗಳ ಮೇಲೆ ನಿಂತಿದೆ. ಇವು ಕಡಿಮೆಯಾದರೆ ಹೈಪೋಥೈರಾಯ್ಡ್. ಸುಸ್ತು, ತೂಕ ಹೆಚ್ಚಾಗುವುದು, ಮಲಬದ್ಧತೆ, ಚರ್ಮ ಒಣಗುವುದು, ಕೂದಲು ಉದುರುವುದು, ಚಳಿ ತಡೆಯಲಾಗದಿರುವುದು, ಮುಟ್ಟು ಏರುಪೇರಾಗುವುದು, ಗರ್ಭ ನಿಲ್ಲಲು ತಡವಾಗುವುದು ಇದರ ಲಕ್ಷಣಗಳು. ಹಲವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ರಿಪೋರ್ಟ್ ನೋಡುವಾಗ ಹೆಚ್ಚಿನವರಿಗೆ ಒಂದು ಗೊಂದಲ ಆಗುತ್ತದೆ. ಟಿಎಸ್‌ಎಚ್ ಹೆಚ್ಚು ಬಂದಿದೆ ಅಂದರೆ ಥೈರಾಯ್ಡ್ ಹೆಚ್ಚಾಗಿದೆ ಅಂತ ತಿಳಿಯುತ್ತಾರೆ. ವಿಷಯ ತಿರುಗಾಮುರುಗಾ. ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಅದು ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಆರ್ಡರ್. ನನ್ನ ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಸ್ಟಾಕ್ ಕಮ್ಮಿಯಾದಷ್ಟು ಆರ್ಡರ್ ಜಾಸ್ತಿ. ಸ್ಟಾಕ್ ಸಾಕಷ್ಟು ಇದ್ದರೆ ಆರ್ಡರ್ ಕಮ್ಮಿ. ಹಾಗಾಗಿ ಟಿಎಸ್‌ಎಚ್ ಏರಿದರೆ ದೇಹದಲ್ಲಿ ಹಾರ್ಮೋನ್ ಸಾಲುತ್ತಿಲ್ಲ ಅಂತ ಅರ್ಥ.

ಇದಕ್ಕೆ ಕೊಡುವ ಗುಳಿಗೆ ಲಿವೋಥೈರಾಕ್ಸಿನ್. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ. ಇದು ನಮ್ಮ ದೇಹ ತಾನೇ ಮಾಡುವ ಟಿ4 ಹಾರ್ಮೋನೇ, ಗುಳಿಗೆಯ ರೂಪದಲ್ಲಿ. ಹೊರಗಿನ ಯಾವುದೋ ವಸ್ತುವನ್ನು ಮಗುವಿಗೆ ಕೊಟ್ಟಂತೆ ಅಲ್ಲ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಗರ್ಭಿಣಿಯರಿಗೂ, ಹಾಲೂಡಿಸುವವರಿಗೂ ಇದು ಸುರಕ್ಷಿತ. ಉಮ್ಮನಿಗೆ ನಾನು ಮೊದಲು ತಿಳಿಸಿದ್ದೇ ಈ ಮಾತನ್ನು.

ಗರ್ಭದಲ್ಲಿ ಬೇಡಿಕೆ ಏಕೆ ಹೆಚ್ಚಾಗುತ್ತದೆ?

ಮಗುವಿನ ಥೈರಾಯ್ಡ್ ಗ್ರಂಥಿ ಹಾರ್ಮೋನ್ ಮಾಡಲು ಶುರು ಮಾಡುವುದೇ ಸುಮಾರು 10ರಿಂದ 12ನೇ ವಾರದಲ್ಲಿ. ಅದರ ಅಗತ್ಯಕ್ಕೆ ಸಾಕಾಗುವಷ್ಟು ಮಾಡಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯ ತನಕ ಮಗು ನಂಬಿರುವುದು ತಾಯಿಯ ಹಾರ್ಮೋನನ್ನು ಮಾತ್ರ. ಮಗುವಿನ ಮೆದುಳು ರೂಪುಗೊಳ್ಳಲು ಶುರುವಾಗುವುದೂ ಇದೇ ದಿನಗಳಲ್ಲಿ. ಅಂದರೆ ನಮ್ಮ ಮನೆಗಳಲ್ಲಿ "ಈಗ ಮದ್ದು ಬಿಡು" ಅನ್ನುವ ಮೊದಲ ಮೂರು ತಿಂಗಳೇ ಈ ಗುಳಿಗೆ ಅತ್ಯಂತ ಬೇಕಾದ ಸಮಯ.

ಆರೋಗ್ಯವಂತ ಹೆಂಗಸಿನ ಗ್ರಂಥಿ ಗರ್ಭ ನಿಂತಾಗ ತಾನಾಗಿಯೇ ಹೆಚ್ಚು ಕೆಲಸ ಮಾಡಿ ಈ ಬೇಡಿಕೆ ಪೂರೈಸುತ್ತದೆ. ಹೈಪೋಥೈರಾಯ್ಡ್ ಇರುವವರ ಗ್ರಂಥಿಗೆ ಆ ಶಕ್ತಿ ಇರುವುದಿಲ್ಲ. ಅವರಿಗೆ ಮೊದಲಿನ ಪ್ರಮಾಣದ ಗುಳಿಗೆ ಸಾಲುವುದಿಲ್ಲ. ಸಾಮಾನ್ಯವಾಗಿ 25ರಿಂದ 50 ಶೇಕಡಾ ಹೆಚ್ಚು ಬೇಕಾಗುತ್ತದೆ. ಈ ಬೇಡಿಕೆ 4ರಿಂದ 6ನೇ ವಾರದಲ್ಲೇ ಏರಲು ಶುರುವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಮೊದಲ ಸಲ ಡಾಕ್ಟರ್ ಹತ್ತಿರ ಹೋಗುವುದೇ ಎಂಟು, ಒಂಬತ್ತು ವಾರ ಆದ ಮೇಲೆ. ಆಗ ಅಷ್ಟು ದಿನ ಕೈತಪ್ಪಿ ಹೋಗಿರುತ್ತದೆ.

ಚಿಕಿತ್ಸೆ ಇಲ್ಲದೆ ಬಿಟ್ಟರೆ ಗರ್ಭಪಾತ, ಅವಧಿಗೆ ಮುಂಚೆ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು, ತಾಯಿಗೆ ಬಿಪಿ ಏರುವುದು ಮುಂತಾದ ಅಪಾಯ ಹೆಚ್ಚು. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 7ರಿಂದ 9 ವರ್ಷದ ಮಕ್ಕಳ ಬುದ್ಧಿಮಟ್ಟವನ್ನು ಅಳೆದಿದ್ದರು. ಗರ್ಭಿಣಿಯಾಗಿದ್ದಾಗ ಹೈಪೋಥೈರಾಯ್ಡ್ ಇದ್ದೂ ಚಿಕಿತ್ಸೆ ಸಿಗದ ತಾಯಂದಿರ ಮಕ್ಕಳ ಐಕ್ಯೂ ಸರಾಸರಿ 7 ಅಂಕ ಕಡಿಮೆ ಇತ್ತು. ಇದು ಸರಾಸರಿ ಲೆಕ್ಕ, ಪ್ರತಿ ಮಗುವಿಗೂ ಹೀಗಾಗುತ್ತದೆ ಅಂತ ಅಲ್ಲ. ತಡವಾಗಿ ಗೊತ್ತಾದವರು ಇದನ್ನು ಓದಿ ಹೆದರಬೇಡಿ. ಗೊತ್ತಾದ ದಿನವೇ ಡಾಕ್ಟರನ್ನು ಕಂಡು ಗುಳಿಗೆ ಶುರು ಮಾಡಿ.

ಗರ್ಭ ಧರಿಸುವ ಮೊದಲು

ಗುಳಿಗೆ ತಿನ್ನುತ್ತಿರುವವರು ಮಗು ಬೇಕು ಅಂತ ತೀರ್ಮಾನ ಮಾಡಿದ ಕೂಡಲೇ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಗರ್ಭ ಧರಿಸುವ ಮೊದಲೇ ಅದು 2.5ಕ್ಕಿಂತ ಕೆಳಗೆ ಇರುವಂತೆ ಡಾಕ್ಟರ್‌ಗಳು ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ. ಪ್ರಮಾಣ ಬದಲಿಸಿದರೆ ಅದರ ಪರಿಣಾಮ ರಿಪೋರ್ಟ್‌ನಲ್ಲಿ ಪೂರ್ತಿ ಕಾಣಲು ಸುಮಾರು ಆರು ವಾರ ಬೇಕು. ಅದಕ್ಕೇ ಎರಡು, ಮೂರು ತಿಂಗಳು ಮೊದಲೇ ಶುರು ಮಾಡುವುದು ಒಳ್ಳೆಯದು.

ಗುಳಿಗೆ ತಿನ್ನದವರಲ್ಲಿ ಯಾರು ಪರೀಕ್ಷೆ ಮಾಡಿಸಬೇಕು? ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ತಾಯಿ, ಅಕ್ಕ, ತಂಗಿಯರಲ್ಲಿ ಥೈರಾಯ್ಡ್ ಇರುವವರು, ಕುತ್ತಿಗೆ ಊದಿಕೊಂಡವರು, ಮೊದಲು ಗರ್ಭಪಾತ ಅಥವಾ ಅವಧಿಪೂರ್ವ ಹೆರಿಗೆ ಆದವರು, ಮಕ್ಕಳಾಗಲು ತಡವಾಗುತ್ತಿರುವವರು, ತೂಕ ತುಂಬಾ ಹೆಚ್ಚಿರುವವರು, ಟೈಪ್ 1 ಡಯಾಬಿಟಿಸ್ ಇರುವವರು ಗರ್ಭಿಣಿಯಾದಾಗ ಪರೀಕ್ಷೆ ಮಾಡಿಸಲೇಬೇಕಾದವರ ಪಟ್ಟಿಯಲ್ಲಿದ್ದಾರೆ. ಇಷ್ಟು ನೋಡಿದರೆ ನಮ್ಮ ಹಲವು ಮನೆಗಳಲ್ಲಿ ಒಬ್ಬರಾದರೂ ಇದರಲ್ಲಿ ಬರುತ್ತಾರೆ. ಒಂದು ಸಣ್ಣ ರಕ್ತ ಪರೀಕ್ಷೆ, ಅಷ್ಟೇ.

ಎರಡು ಗೆರೆ ಕಂಡ ದಿನ

ಮುಟ್ಟು ತಪ್ಪಿ, ಮನೆಯಲ್ಲೇ ಪರೀಕ್ಷೆ ಮಾಡಿ ಪಾಸಿಟಿವ್ ಬಂತು ಅಂದರೆ ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ತಿಂಗಳ ಚೆಕಪ್‌ಗೆ ಕಾಯಬೇಡಿ. ಗುಳಿಗೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಹಲವು ಡಾಕ್ಟರ್‌ಗಳು ಈ ಸಂದರ್ಭಕ್ಕೆ ಒಂದು ಸುಲಭ ಲೆಕ್ಕ ಮೊದಲೇ ಹೇಳಿಕೊಟ್ಟಿರುತ್ತಾರೆ. ವಾರಕ್ಕೆ ಏಳು ಗುಳಿಗೆ ತಿನ್ನುವವರು ಒಂಬತ್ತು ಮಾಡಿಕೊಳ್ಳುವುದು. ಅಂದರೆ ಐದು ದಿನ ಒಂದೊಂದು, ಎರಡು ದಿನ ಎರಡೆರಡು. ಇದು ಸುಮಾರು 29 ಶೇಕಡಾ ಹೆಚ್ಚಳ. ನಿಮಗೆ ಇದು ಹೊಂದುತ್ತದೆಯೇ ಅಂತ ಗರ್ಭ ಧರಿಸುವ ಮೊದಲೇ ನಿಮ್ಮ ಡಾಕ್ಟರಲ್ಲಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳದೆ ಸ್ವಂತ ಬುದ್ಧಿಯಲ್ಲಿ ಹೆಚ್ಚಿಸಲು ಹೋಗಬೇಡಿ. ಅತಿಯಾದರೆ ಎದೆ ಬಡಿತ, ನಡುಕ, ನಿದ್ರೆ ಇಲ್ಲದಿರುವುದು ಮುಂತಾದ ತೊಂದರೆ ಉಂಟು, ಅದು ಮಗುವಿಗೂ ಒಳ್ಳೆಯದಲ್ಲ.

ನಂತರ ಅರ್ಧ ಗರ್ಭಾವಧಿ ತನಕ, ಅಂದರೆ ಸುಮಾರು 20ನೇ ವಾರದ ವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕು. ಮತ್ತೆ ಸುಮಾರು 30ನೇ ವಾರದಲ್ಲಿ ಒಮ್ಮೆಯಾದರೂ ಬೇಕು. ಮೇಲೆ ಹೇಳಿದ ಮಾರ್ಗಸೂಚಿಯ ಪ್ರಕಾರ ಮೊದಲ ಮೂರು ತಿಂಗಳಲ್ಲಿ 2.5ಕ್ಕಿಂತ ಕೆಳಗೆ, ಆಮೇಲೆ 3ಕ್ಕಿಂತ ಕೆಳಗೆ ಇರಬೇಕು. ಲ್ಯಾಬ್‌ನವರು ರಿಪೋರ್ಟ್‌ನ ಬದಿಯಲ್ಲಿ ಮುದ್ರಿಸುವ ನಾರ್ಮಲ್ ಲೆಕ್ಕ ಹೆಚ್ಚಾಗಿ ಗರ್ಭಿಣಿಯರಲ್ಲದವರದ್ದು. ಅಲ್ಲಿ ಕೆಂಪು ಗುರುತು ಇಲ್ಲ ಅಂತ ನೆಮ್ಮದಿಯಾಗಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ನನ್ನ ಹೆಂಡತಿ ಎರಡನೇ ಸಲ ಗರ್ಭಿಣಿಯಾಗುವ ಮೊದಲು ಟಿಎಸ್‌ಎಚ್ 2.1 ಇತ್ತು, ಗುಳಿಗೆ 50 ಮೈಕ್ರೋಗ್ರಾಂ. ಪಾಸಿಟಿವ್ ಬಂದ ದಿನವೇ ವಾರಕ್ಕೆ ಒಂಬತ್ತು ಮಾಡಿದೆವು. ಆದರೂ ಮೊದಲ ಪರೀಕ್ಷೆಯಲ್ಲಿ 3.8 ಬಂತು. ಡಾಕ್ಟರ್ 75ಕ್ಕೆ ಏರಿಸಿದರು. ನಾಲ್ಕು ವಾರದ ನಂತರ 1.9. ನೋಡಿ, ಗುಳಿಗೆ ಹೆಚ್ಚಿಸಿದ ಮೇಲೂ ಸಾಲದೆ ಬಂದಿತ್ತು. ನಿಲ್ಲಿಸಿದ್ದರೆ ಏನಾಗುತ್ತಿತ್ತು?

ಗುಳಿಗೆ ತಿನ್ನುವ ಕ್ರಮ

ಸರಿಯಾದ ಗುಳಿಗೆಯನ್ನು ತಪ್ಪಾಗಿ ತಿಂದರೆ ಅರ್ಧವೂ ದೇಹಕ್ಕೆ ಸೇರದೆ ಹೋಗಬಹುದು. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೇ ನೀರಿನಲ್ಲಿ ನುಂಗಬೇಕು. ಚಾ, ಕಾಫಿ, ಹಾಲಿನ ಜೊತೆ ಬೇಡ. ಅರ್ಧದಿಂದ ಒಂದು ಗಂಟೆ ಬಿಟ್ಟು ಚಾ, ತಿಂಡಿ.

ಗರ್ಭಿಣಿಯರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಆರೋಗ್ಯ ಕೇಂದ್ರದಿಂದ, ಆಶಾ ಕಾರ್ಯಕರ್ತೆಯರಿಂದ ಕಬ್ಬಿಣಾಂಶದ ಗುಳಿಗೆ ಮತ್ತು ಕ್ಯಾಲ್ಸಿಯಂ ಸಿಗುತ್ತದೆ. ಎರಡೂ ಗರ್ಭಿಣಿಗೆ ಬೇಕಾದವೇ. ಆದರೆ ಥೈರಾಯ್ಡ್ ಗುಳಿಗೆಯ ಜೊತೆ ಒಟ್ಟಿಗೆ ತಿಂದರೆ ಇವು ಹೊಟ್ಟೆಯಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಡುವೆ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್‌ಗೂ ಇದೇ ಮಾತು. ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೆ: ಸುಬಹಿಗೆ ಎದ್ದಾಗ ಥೈರಾಯ್ಡ್, ಒಂದು ಗಂಟೆ ಬಿಟ್ಟು ಚಾ, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ಸಂಜೆ ನಾಲ್ಕಕ್ಕೆ ಕಬ್ಬಿಣ, ರಾತ್ರಿ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ.

ಬೆಳಿಗ್ಗೆ ವಾಂತಿ ತಡೆಯಲಾಗದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದು, ಮಲಗುವಾಗ ತೆಗೆದುಕೊಳ್ಳಬಹುದೇ ಅಂತ ಡಾಕ್ಟರಲ್ಲಿ ಕೇಳಿ. ಆದರೆ ರಾತ್ರಿಯ ಕ್ಯಾಲ್ಸಿಯಂ ಹೊತ್ತನ್ನು ಬದಲಿಸಬೇಕಾಗುತ್ತದೆ. ಒಂದು ದಿನ ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ ತಿನ್ನಿ. ಈ ಔಷಧ ದೇಹದಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ, ಒಂದು ದಿನದ ಮರೆವಿಗೆ ಗಾಬರಿ ಬೇಡ. ವಾರಗಟ್ಟಲೆ ಬಿಡುವುದು ಮಾತ್ರ ಅಪಾಯ.

ಬಾಟಲಿಯನ್ನು ಅಡುಗೆ ಮನೆಯ ಒಲೆ ಹತ್ತಿರ, ಕಾರಿನ ಒಳಗೆ ಇಡಬೇಡಿ. ನಮ್ಮ ಕರಾವಳಿಯ ಸೆಕೆ, ತೇವ ಎರಡೂ ಇದಕ್ಕೆ ಆಗುವುದಿಲ್ಲ. ಕಂಪನಿ ಪದೇ ಪದೇ ಬದಲಿಸಬೇಡಿ. ಬದಲಿಸಬೇಕಾಗಿ ಬಂದರೆ ಡಾಕ್ಟರಿಗೆ ತಿಳಿಸಿ, ಮತ್ತೆ ಪರೀಕ್ಷೆ ಮಾಡಿಸಿ. ಕೂದಲಿಗೆ ಅಂತ ಬಯೋಟಿನ್ ಗುಳಿಗೆ ತಿನ್ನುವವರು ರಕ್ತ ಕೊಡುವ ಮೊದಲು ಅದನ್ನು ಹೇಳಬೇಕು, ಅದು ರಿಪೋರ್ಟನ್ನೇ ತಪ್ಪಿಸುತ್ತದೆ.

ರಂಝಾನಿನಲ್ಲಿ

ಉಪವಾಸ ಇರುವ ಹೆಂಗಸರಲ್ಲಿ ಹಲವರು ಆ ಒಂದು ತಿಂಗಳು ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಬಿಡುವ ಅಗತ್ಯವೇ ಇಲ್ಲ. ಇಫ್ತಾರ್, ಊಟ ಮುಗಿಸಿ ಮೂರು ಗಂಟೆ ಏನೂ ತಿನ್ನದೆ ಇದ್ದು ಮಲಗುವಾಗ ತಿನ್ನಬಹುದು. ಇಲ್ಲವೇ ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ತಿನ್ನಬಹುದು. ಇನ್ನು ತನಗೋ ಮಗುವಿಗೋ ತೊಂದರೆಯಾಗುವ ಭಯ ಇರುವ ಗರ್ಭಿಣಿಗೆ ಉಪವಾಸ ಮುಂದೂಡುವ ರಿಯಾಯಿತಿ ಉಂಟು. ಡಾಕ್ಟರಲ್ಲೂ ಉಸ್ತಾದರಲ್ಲೂ ಕೇಳಿ ತೀರ್ಮಾನಿಸಿ, ಸುಮ್ಮನೆ ಹಠ ಬೇಡ.

ಉಪ್ಪು, ಮೀನು, ವಾಟ್ಸಾಪ್ ಮದ್ದು

"ನಾವು ಕಡಲ ಬದಿಯವರು, ದಿನಾ ಮೀನು ತಿನ್ನುತ್ತೇವೆ, ನಮಗೆ ಎಂತ ಥೈರಾಯ್ಡ್?" ಅಂತ ಕೇಳುವವರಿದ್ದಾರೆ. ಮೀನಿನಲ್ಲಿ ಅಯೋಡಿನ್ ಇರುವುದು ನಿಜ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಬಿಡಿಯಾಗಿ ಸಿಗುವ ಕಲ್ಲುಪ್ಪಿಗೆ ಅಯೋಡಿನ್ ಸೇರಿಸಿರುತ್ತಾರೆ ಅಂತ ಹೇಳಲಾಗದು. ಪ್ಯಾಕೆಟ್ ಮೇಲೆ ಅಯೋಡಿನ್‌ಯುಕ್ತ ಅಂತ ಬರೆದದ್ದನ್ನೇ ಬಳಸಿ.

ಆದರೆ ಅಯೋಡಿನ್ ಕೊರತೆ ಒಂದೇ ಇದಕ್ಕೆ ಕಾರಣ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ತಪ್ಪಾಗಿ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಹಾಶಿಮೋಟೊ ಎಂಬ ಕಾಯಿಲೆಯಿಂದಲೂ ಹೀಗಾಗುತ್ತದೆ. ಅದು ಉಪ್ಪಿನಿಂದ, ಮೀನಿನಿಂದ ಗುಣವಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಬರುವ "ಒಂದು ತಿಂಗಳಲ್ಲಿ ಥೈರಾಯ್ಡ್ ಬೇರು ಸಮೇತ ಮಾಯ" ಎಂಬ ಕಷಾಯ, ಪುಡಿಗಳನ್ನು ನಂಬಿ ಗರ್ಭಿಣಿಯರು ಗುಳಿಗೆ ಬಿಡಲೇಬಾರದು.

ಹೆರಿಗೆ ಆದ ಮೇಲೆ

ಹೆರಿಗೆಯಾದ ಕೂಡಲೇ ಹೆಚ್ಚಿನ ಬೇಡಿಕೆ ಇಳಿಯುತ್ತದೆ. ಸಾಮಾನ್ಯವಾಗಿ ಗರ್ಭಕ್ಕೆ ಮೊದಲಿದ್ದ ಪ್ರಮಾಣಕ್ಕೆ ಮರಳಿ, ಆರು ವಾರದ ನಂತರ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಪ್ರಮಾಣ ಇಳಿಸುವುದು ಅಂದರೆ ನಿಲ್ಲಿಸುವುದು ಅಲ್ಲ. ನಲ್ವತ್ತು ದಿನದ ಬಾಣಂತನದ ಮದ್ದು, ಲೇಹ್ಯದ ಗಡಿಬಿಡಿಯಲ್ಲಿ ಈ ಗುಳಿಗೆ ಮರೆತು ಹೋಗುವುದುಂಟು. ಎದೆಹಾಲು ಕುಡಿಸುವಾಗ ಇದು ಸುರಕ್ಷಿತ.

ಮೊದಲು ಥೈರಾಯ್ಡ್ ಇಲ್ಲದವರಿಗೂ ಹೆರಿಗೆಯಾಗಿ ಒಂದು ವರ್ಷದ ಒಳಗೆ ಏರುಪೇರಾಗಬಹುದು. ವಿಪರೀತ ಸುಸ್ತು, ಬೇಸರ, ಸುಮ್ಮನೆ ಅಳು ಬರುವುದು ಇದ್ದರೆ "ಬಾಣಂತಿಗೆ ಅದೆಲ್ಲಾ ಸಾಮಾನ್ಯ" ಅಂತ ಬಿಡದೆ ಒಮ್ಮೆ ಪರೀಕ್ಷೆ ಮಾಡಿಸಿ. ಹುಟ್ಟಿದ ಮಗುವಿಗೂ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ನೋಡುತ್ತಾರೆ. ಸಣ್ಣ ಮಗುವಿಗೆ ಚುಚ್ಚುವುದು ಬೇಡ ಅನ್ನಬೇಡಿ. ಮಗುವಿಗೆ ತೊಂದರೆ ಇದ್ದರೆ ಮೊದಲ ಎರಡು ವಾರದಲ್ಲೇ ಚಿಕಿತ್ಸೆ ಶುರುವಾಗುವುದು ಬಹಳ ಮುಖ್ಯ.

ಗಂಡಸರಲ್ಲಿ ಒಂದು ಮಾತು

ಮಾರಾಯ್ರೆ, ಇದು ಹೆಂಗಸರ ವಿಷಯ ಅಂತ ಬಿಡಬೇಡಿ. ನನ್ನ ಹೆಂಡತಿ ಏಳು ತಿಂಗಳು ಗುಳಿಗೆ ಅಡಗಿಸಿಟ್ಟು ತಿಂದಳು. ಹೇಳಿದರೆ ನಾವು ಏನು ತಿಳಿಯುತ್ತೇವೋ ಎಂಬ ಭಯ ಅವಳಿಗೆ. ಆ ಭಯಕ್ಕೆ ಕಾರಣ ನಮ್ಮಂಥವರೇ. ದಿನಕ್ಕೊಂದು ಸಣ್ಣ ಗುಳಿಗೆ ತಿಂದು ಎಲ್ಲರ ಹಾಗೆ ಬದುಕುವ ಹುಡುಗಿಯನ್ನು ರೋಗಿ ಅಂತ ಮೂಲೆಗೆ ತಳ್ಳಿದರೆ ಎಲ್ಲರೂ ಮುಚ್ಚಿಡುತ್ತಾರೆ. ಮದುವೆ ಮಾತುಕತೆಯಲ್ಲೇ ಇದನ್ನು ಹೇಳುವ ಹಾಗೆ, ಕೇಳಿದವರು ಸಹಜವಾಗಿ ತೆಗೆದುಕೊಳ್ಳುವ ಹಾಗೆ ಆಗಬೇಕು.

ಕೊಲ್ಲಿಯಲ್ಲಿರುವ ತಮ್ಮಂದಿರೇ, ರಜೆ ಮುಗಿಸಿ ಹೋದ ಮೇಲೆ ಸುದ್ದಿ ಬರುವುದು ಫೋನಿನಲ್ಲಿ. ಆಗ ಅಭಿನಂದನೆ ಹೇಳಿ, ಜೊತೆಗೆ "ಟಿಎಸ್‌ಎಚ್ ನೋಡಿಸಿದೆಯಾ?" ಅಂತಲೂ ಕೇಳಿ. ರಿಪೋರ್ಟ್‌ನ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ. ಮಡದಿಯನ್ನು ಅಲ್ಲಿಗೆ ಕರೆಸುವುದಾದರೆ ಗುಳಿಗೆಯ ಜೊತೆ ಡಾಕ್ಟರ ಚೀಟಿಯೂ ಇರಬೇಕು. ಮೈಕ್ರೋಗ್ರಾಂ ಎಷ್ಟು ಎಂಬುದು ಚೀಟಿಯಲ್ಲಿ ಸ್ಪಷ್ಟ ಇರಲಿ.

ನಮ್ಮ ಗಡಿನಾಡಿನವರಿಗೆ ಇನ್ನೊಂದು ಪಾಠ ಉಂಟು. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ಎಷ್ಟು ಕಷ್ಟಪಟ್ಟೆವು ಅಂತ ಎಲ್ಲರಿಗೂ ನೆನಪಿದೆ. ಡಾಕ್ಟರ್ ಮಂಗಳೂರಿನವರೇ ಆಗಲಿ, ಟಿಎಸ್‌ಎಚ್ ಪರೀಕ್ಷೆ ಹತ್ತಿರದ ಪೇಟೆಯಲ್ಲೂ ಆಗುತ್ತದೆ. ಒಂದು ತಿಂಗಳ ಗುಳಿಗೆ ಹೆಚ್ಚಿಗೆ ಮನೆಯಲ್ಲಿರಲಿ. ತಾರೀಕು, ಗುಳಿಗೆಯ ಪ್ರಮಾಣ, ಟಿಎಸ್‌ಎಚ್ ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲೇ ಬರೆಯುತ್ತಿದ್ದೆ. ಯಾವ ಡಾಕ್ಟರ್ ಕೇಳಿದರೂ ಎರಡು ನಿಮಿಷದಲ್ಲಿ ತೋರಿಸಬಹುದು.

ನಮ್ಮ ಮಗಳಿಗೆ ಈಗ ಒಂದೂವರೆ ವರ್ಷ. ಆ ಒಂಬತ್ತು ತಿಂಗಳೂ ಸುಬಹಿಗೆ ಎದ್ದು, ಒಂದು ಲೋಟ ನೀರು ಹಿಡಿದು ಸೊಸೆಯನ್ನು ಎಬ್ಬಿಸುತ್ತಿದ್ದವರು ಉಮ್ಮ. ಮೊನ್ನೆ ಪಕ್ಕದ ಮನೆಯ ಸೊಸೆ ಗರ್ಭಿಣಿ ಅಂತ ಗೊತ್ತಾದಾಗ ಅವರು ಅವಳಲ್ಲಿ ಕೇಳಿದ ಮೊದಲ ಮಾತು: "ಮೋಳೇ, ನಿನಗೆ ಥೈರಾಯ್ಡ್ ಗುಳಿಗೆ ಉಂಟಾ? ಇದ್ದರೆ ಅದನ್ನು ಬಿಡಬೇಡ. ನಾಳೆಯೇ ಡಾಕ್ಟರಿಗೆ ತೋರಿಸು."